ಹಣ್ಣು ಹಿಡಿದವಳು

"ಮನೇಲಿ ಯಾರಿಗೆ ಹುಷಾರಿಲ್ಲ?"

ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಲ್ಲಿ ತಡೆದು ದರ್ಜಿ ಕೇಳಿದ. ಬೋರ್ಡು ಬರೆಯುವವನ ಕೈಯಲ್ಲಿ ಒಂದೇ ಒಂದು ಸೇಬು ಇತ್ತು.

"ಎಲ್ಲರೂ ಗಟ್ಟಿಯಾಗೇ ಇದ್ದೇವೆ, ಅಣ್ಣ."

"ಮತ್ತೆ ಸೇಬು?"

ಆ ಊರಿನಲ್ಲಿ ಸೇಬು ಹೊಸ್ತಿಲು ದಾಟುತ್ತಿದ್ದುದು ಯಾರಾದರೂ ಹಾಸಿಗೆ ಹಿಡಿದಾಗ ಮಾತ್ರ. ಬೋರ್ಡಿನವನು ಮನೆ ಕಡೆ ಹೆಜ್ಜೆ ಹಾಕಿದ. ಅವನಿಗೆ ಬೇಕಾಗಿದ್ದುದು ಹೆಂಡತಿಯ ಒಂದು ಮಾತು. ಮೂರು ದಿನದಿಂದ ಅವಳು ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ತಪ್ಪು ಅವನದೇ. ಹಣ್ಣಿನಂಗಡಿಯ ಹೊಸ ಬೋರ್ಡಿಗೆ, ಸೇಬು ಹಿಡಿದ ಕೈ ಮುಂದೆ ಚಾಚಿದ ಹೆಂಗಸಿನ ಚಿತ್ರ ಬರೆದಿದ್ದ. ಬರೆದು ಸುಮ್ಮನಿರದೆ, "ಹಳೇ ಕಾಲದ ದೊಡ್ಡ ದೊಡ್ಡ ಚಿತ್ರಗಳಲ್ಲಿ ಹೆಂಗಸು ಸೇಬು ಕೊಟ್ಟಳು ಅಂದರೆ ಮನಸ್ಸು ಕೊಟ್ಟಳು ಅಂತ ಅರ್ಥ," ಎಂದು ಮನೆಯಲ್ಲಿ ಕೊಚ್ಚಿಕೊಂಡಿದ್ದ. ಹೆಂಡತಿ ಹೋಗಿ ನೋಡಿ ಬಂದಳು. ಮುಖ ಥೇಟು ಹಿಟ್ಟಿನ ಗಿರಣಿಯವಳದು. ಗಿರಣಿ ಅಂಗಡಿಯ ಎದುರಿಗೇ ಇತ್ತು. ಏಣಿಯ ಮೇಲಿಂದ ತಲೆ ತಿರುಗಿಸಿದಾಗಲೆಲ್ಲ ಕಣ್ಣಿಗೆ ಬಿದ್ದ ಮುಖ ತಾನಾಗಿ ಕುಂಚಕ್ಕೆ ಇಳಿದಿತ್ತು. ಹಾಗಂತ ಹೆಂಡತಿಗೆ ಹೇಳಿದ್ದಕ್ಕೆ ಕೆಲಸ ಇನ್ನೂ ಕೆಟ್ಟಿತು.

ಅವನು ಮನೆ ಮುಟ್ಟುವ ಮೊದಲೇ ದರ್ಜಿಯ ಹೆಂಡತಿ ಹಿತ್ತಲ ದಾರಿಯಿಂದ ಬಂದು ಸೇಬಿನ ಸುದ್ದಿ ಮುಟ್ಟಿಸಿದ್ದಳು. ಅವನ ಹೆಂಡತಿ ಗಲ್ಲದ ಮಚ್ಚೆಯ ಮೇಲೆ ಬೆರಳಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಡಾಕ್ಟರು ಏನಂದರು?"

ಮೂರು ದಿನದ ಮೇಲೆ ಬಂದ ಮಾತು. ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ ಅವನು ಬಾಗಿಲಿನ ಚೌಕಟ್ಟಿಗೆ ಒರಗಿದ. "ಎದೇಲಿ ಏನೋ ಒಂಥರಾ..."

ಅವಳು ಅವನನ್ನು ಕೈಹಿಡಿದು ಕೂರಿಸಿದಳು. ಹಣೆ ಮುಟ್ಟಿ ನೋಡಿದಳು. ಸೇಬು ಹೆಚ್ಚಿ ಒಂದು ಹೋಳನ್ನು ಅವನ ಕೈಗಿಟ್ಟಳು. ಅವನಿಗೆ ತಡೆಯಲಾಗಲಿಲ್ಲ.

"ನೋಡು, ಈಗ ನೀನೇ ನನಗೆ ಸೇಬು ಕೊಟ್ಟೆ."

ಚಾಕು ಅಲ್ಲೇ ನಿಂತಿತು. "ಅಂದರೆ ಕಾಯಿಲೆ ಇಲ್ಲ."

"ಇತ್ತು. ನೀನು ಮಾತಾಡಿದೆ, ಹೋಯಿತು."

ಅವಳು ಅವನ ಕೈಯಲ್ಲಿದ್ದ ಹೋಳನ್ನು ಕಿತ್ತು ತನ್ನ ಬಾಯಿಗೆ ಹಾಕಿಕೊಂಡಳು. ಹಿಂದೆಯೇ ಇನ್ನೊಂದು. ಕೆನ್ನೆ ಉಬ್ಬಿಸಿಕೊಂಡೇ ಹೇಳಿದಳು: "ನಾಳೆ ಬೆಳಿಗ್ಗೆ ಮೊದಲು ಗಿರಣಿಯವಳನ್ನು ಬೋರ್ಡಿನಿಂದ ಇಳಿಸಿ. ಆಮೇಲೆ ತಿಂಡಿ."

ಮರುದಿನ ಅಂಗಡಿಯವನು ಬಾಗಿಲು ತೆಗೆಯಲು ಬಂದವನು ತಲೆಯೆತ್ತಿ ನೋಡಿ ಸೊಂಟದ ಮೇಲೆ ಕೈಯಿಟ್ಟ.

"ಏನಯ್ಯಾ, ನಾನೇನು ಎಂಜಲು ಹಣ್ಣು ಮಾರುತ್ತೇನಾ? ಸೇಬು ಕಚ್ಚಿದ್ದು ಯಾರು?"

"ಹಣ್ಣು ಬಿಡಿ, ಮುಖ ನೋಡಿ ಯಜಮಾನರೇ," ಎಂದು ಬೋರ್ಡಿನವನು ಕುಂಚ ಒರೆಸುತ್ತ ಏಣಿಯಿಂದ ಇಳಿದ.

ಬೋರ್ಡಿನ ಮೇಲೆ ಈಗ ಅಗಲ ಮೂಗಿನ, ಗಲ್ಲದ ಮೇಲೆ ಮಚ್ಚೆಯಿದ್ದ ಹೆಂಗಸು. ಹಣ್ಣು ಹಿಡಿದ ಕೈಯನ್ನು ಅವಳು ಎದೆಗೆ ಎಳೆದುಕೊಂಡಿದ್ದಳು; ಒಂದು ಕೆನ್ನೆ ಉಬ್ಬಿತ್ತು.