ಡ್ಯೂಟಿ ಮೇಲಿರುವ ಕೈ

ಗಾಯಾಳು ಪದಕಕ್ಕಾಗಿ ನಿವೃತ್ತ ಹವಾಲ್ದಾರ್ ಫಕ್ಕೀರಗೌಡರು ಮೊದಲ ಬಾರಿ ಸೇನಾ ಕಚೇರಿಗೆ ಅರ್ಜಿ ಹಿಡಿದು ಬಂದಿದ್ದರು. ಅಂಗಿಯ ಖಾಲಿ ತೋಳನ್ನು ಗುಮಾಸ್ತೆಯ ಮೇಜಿನ ಮೇಲೆ ಎಳೆದಿಟ್ಟರು.

“ಯುದ್ಧದಾಗ ಬಲಗೈ ಹೋಗೇತವ್ವಾ. ಇನ್ನೇನ್ ತೋರಿಸ್ಲಿ?”

“ಎಲ್ಲಿ ಹೋಗೇತ್ರಿ ಕಾಕಾ?” ಗುಮಾಸ್ತೆ ಪರದೆಯನ್ನು ಅವರತ್ತ ತಿರುಗಿಸಿದಳು. ಗಡಿಯ ಬಂಕರಿನಲ್ಲಿ, ಸಾಲಾಗಿ ಜೋಡಿಸಿದ, ದೇಹವಿಲ್ಲದ ಕೈಗಳ ನಡುವೆ, ‘ನೀಲವ್ವ’ ಎಂದು ಹಚ್ಚೆಯಿದ್ದ ಅವರ ಕೈ ಬಂದೂಕಿಗೆ ಗುಂಡು ತುಂಬುತ್ತಿತ್ತು. “ಇನ್ನೂ ಡ್ಯೂಟಿ ಮ್ಯಾಲ ಐತಿ. ಕಳಕೊಂಡಂಗ ಆಗೂದಿಲ್ರಿ.”

“ಹಂಗಾದ್ರ ನಾ ಹೊಂಟೆ.”

“ಕೂಡ್ರಿ. ಕೈ ಡ್ಯೂಟಿದಾಗ ಐತಿ ಅಂದಮ್ಯಾಲ, ಉಳಿದ ನೀವು ಇಷ್ಟು ವರ್ಷ ಗೈರುಹಾಜರು. ಅರ್ಜಿ ಹಾಕಿದ್ದು ಚಲೋ ಆತು, ವಿಳಾಸ ಸಿಕ್ತು.”

ಬಾಗಿಲಲ್ಲಿ ಇಬ್ಬರು ಸೈನಿಕರು ಬಂದು ನಿಂತಿದ್ದರು. ಪರದೆಯ ಮೇಲೆ ಗೌಡರ ಕೈ ಗುಂಡು ತುಂಬುವುದನ್ನು ನಿಲ್ಲಿಸಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟಿತು.