ದೇವಿ ಕೇಳುವ ಒಂದೇ ಮಾತು

“ಕಾಯಿಲೆ ಅಂತ ಬರೀಬೇಡಿ ಡಾಕ್ಟ್ರೇ, ಮದುವೆಯಾಗೋ ಹುಡುಗಿ. ಮೈಮೇಲೆ ದೇವಿ ಬರ್ತಾಳೆ, ಅಷ್ಟೇ.”

ಮನೋವೈದ್ಯೆಯ ಎದುರು ಕೂರಬೇಕಾಗಿ ಬಂದ ನಾಚಿಕೆಗೆ ತಾಯಿಯ ಮುಖ ಬಾಡಿತ್ತು. ಪಕ್ಕದಲ್ಲಿ ಮಗಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

“ದೇವಿ ಬಂದದ್ದು ಆಮೇಲೆ ಇವಳಿಗೆ ನೆನಪಿರುತ್ತಾ?”

“ಒಂಚೂರೂ ಇರಲ್ಲ. ದನೀನೇ ಬೇರೆ ಆಗ್ಬಿಡುತ್ತೆ, ಚಿಕ್ಕ ಮಗು ಥರ.”

“ಯಾವಾಗ ಬರ್ತಾಳೆ? ಹುಣ್ಣಿಮೆ, ಅಮಾವಾಸ್ಯೆಗಾ?”

ತಾಯಿ ಮೊದಲ ಸಲ ತಲೆಯೆತ್ತಿದಳು. “ನನ್ನ ತಮ್ಮ ಮನೆಗೆ ಬಂದಾಗ ಮಾತ್ರ. ಹೊರಗೆ ಕೂತಿದಾನಲ್ಲ, ಅವನೇ. ಇವಳು ಚಿಕ್ಕೋಳಿದ್ದಾಗ ನಾನು ಗಾರ್ಮೆಂಟ್ಸ್‌ಗೆ ಹೋದ್ರೆ ನೋಡ್ಕೊಳ್ತಿದ್ದೋನೂ ಅವನೇ. ದೇವಿಗೂ ಅವನಂದ್ರೆ ಪ್ರೀತಿ. ಅದಕ್ಕೇ ಆರತಿ ಅವನ ಕೈಲೇ ಎತ್ತಿಸ್ತೀವಿ.”

“ಬಂದು ಏನು ಕೇಳ್ತಾಳೆ?”

“ಸೀರೆ ಕೇಳಲ್ಲ, ಬಳೆ ಕೇಳಲ್ಲ. ಒಂದೇ ಮಾತು. ‘ಬಾಗಿಲು ಎಳ್ಕೊಂಡು ಹೋಗ್ಬೇಡಮ್ಮ’ ಅಂತ...”

ಮಾತು ಅಲ್ಲಿಗೇ ನಿಂತಿತು. ತಾಯಿಯ ಕಣ್ಣು ಬಾಗಿಲಿನತ್ತ, ಅದರಾಚೆ ಕೂತಿದ್ದ ತಮ್ಮನತ್ತ ಹೋಯಿತು.

ಮಗಳ ಮುಖ ನೋಡುವ ಧೈರ್ಯ ಬಾರದೆ, ತಾಯಿ ತಲೆ ತಗ್ಗಿಸಿಕೊಂಡೇ ಎದ್ದುಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.