ಗೋಡೆಯಾದ ಸಮುದ್ರ

ಪ್ಲೈವುಡ್ ಮೇಲಿನ ಅಂಟಿನ ವಾಸನೆ ಬಂದರೆ ಈಗಲೂ ಕೊಲ್ಲಿನಾಡಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನಲ್ಲಿದ್ದ ನಮ್ಮ ಬಾಡಿಗೆ ಕೋಣೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಲೆಕ್ಸಾಂಡರ್ ದೊರೆಯು ಟೈರ್ ಎಂಬ ದ್ವೀಪನಗರವನ್ನು ಮುತ್ತಿದ ದೃಶ್ಯದ ಮಾದರಿಯನ್ನು ಮರುದಿನ ಶಾಲೆಗೆ ಒಯ್ಯಬೇಕಿತ್ತು. ಬಾಲ್ಕನಿಯಲ್ಲಿ ಬಿದ್ದಿದ್ದ ದೊಡ್ಡ ಹಲಗೆಗೆ ಸಮುದ್ರದ ನೀಲಿ ಬಳಿದು, ಥರ್ಮೋಕೋಲಿನ ಕೋಟೆ ಇಟ್ಟು, ದಡದಿಂದ ಅಲ್ಲಿಗೆ ಅವನ ಸೈನಿಕರು ಕಟ್ಟಿದ ದಾರಿಯನ್ನು ಮರಳಿನಲ್ಲಿ ಅಂಟಿಸಿದ್ದೆ.

ಅಪ್ಪ ಡ್ರಿಲ್ ಹಿಡಿದು ಬಂದರು. “ಹಲಗೆ ಬೇಕು ಮಗಾ. ಉಡುಪಿಯ ಗಂಡ ಹೆಂಡತಿ ಅರ್ಧ ಬಾಡಿಗೆಗೆ ಸಂಜೆಗೇ ಬರ್ತಾರೆ. ಕೋಣೆಗೆ ಪಾರ್ಟಿಷನ್ ಹಾಕ್ಬೇಕು.”

“ಬಟ್ ಪಪ್ಪಾ, ಟುಮಾರೋ ಸಬ್ಮಿಷನ್!”

“ಟೀಚರಿಗೆ ನಾನು ಹೇಳ್ತೇನೆ.”

ಪಾತ್ರೆ ತೊಳೆಯುತ್ತಿದ್ದ ಅಮ್ಮ ನಕ್ಕರು. “ನಿನ್ನ ಅಲೆಕ್ಸಾಂಡರ್ ಆ ಊರಿಗೆ ಏಳು ತಿಂಗಳು ಕಾದನಂತಲ್ಲ. ನಿನಗೆ ಒಂದು ವಾರ ಕಾಯ್ಲಿಕ್ಕೆ ಆಗುದಿಲ್ವಾ?”

ಕೋಟೆ ಕಿತ್ತುಬಂತು. ಮರಳಿನ ದಾರಿ ಮಾತ್ರ ಅಪ್ಪ ಚಾಕುವಿನಿಂದ ಕೆರೆದರೂ ಪೂರ್ತಿ ಬಿಡಲಿಲ್ಲ. “ಖಲಾಸ್, ಇರಲಿ,” ಎಂದು ನೀಲಿ ಬದಿಯನ್ನು ನಮ್ಮ ಕಡೆಗೆ ತಿರುಗಿಸಿ, ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ಕ್ರೂ ಬಿಗಿದರು.

ಸಂಜೆ ಆಚೆ ಬದಿಯಲ್ಲಿ ಹೊಸಬರು ಪೆಟ್ಟಿಗೆ ಇಳಿಸಿದಾಗ ಹಲಗೆ ನಡುಗಿ, ನನ್ನ ದಿಂಬಿನ ಮೇಲೆ ಮರಳು ಉದುರಿತು. ಬೆರಳಿಗೆ ಅಂಟು ಹಚ್ಚಿಕೊಂಡು, ಉದುರಿದ್ದನ್ನೆಲ್ಲ ಮತ್ತೆ ದಾರಿಗೆ ಅಂಟಿಸುತ್ತ ಕುಳಿತೆ.